ಷಡ್ಡಕನ ಗೋಡೆ ಉಸಿರಾಡುತ್ತದೆ

ಮಣ್ಣಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಗದಗಿನ ಕಡೆಯವನು ನಾನು. ಹುಟ್ಟಿದ್ದು ಮಣ್ಣಿನ ಗೋಡೆಯ ಮನೆಯಲ್ಲಿ, ಆಡಿ ಬೆಳೆದದ್ದು ಮಣ್ಣಿನಲ್ಲಿ, ಅವ್ವನ ಕಣ್ಣು ತಪ್ಪಿಸಿ ಅದೇ ಗೋಡೆಯನ್ನು ಕೆರೆದು ತಿಂದದ್ದೂ ಉಂಟು. ಇಷ್ಟೆಲ್ಲ ಅನುಭವ ಇದ್ದವನಿಗೆ ಒಂದು ಗೋಡೆ ರಿಪೇರಿ ಮಾಡುವುದು ಯಾವ ಮಹಾ ಕೆಲಸ? ಹದಿನೈದು ವರ್ಷದಿಂದ ಬೆಂಗಳೂರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರೂ ಮಣ್ಣಿನ ಜ್ಞಾನ ರಕ್ತದಲ್ಲಿ ಇದ್ದೇ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು.

ಈಗ ಆ ಅಭಿಪ್ರಾಯವಿಲ್ಲ. ಆ ಗೋಡೆಯೂ ಇಲ್ಲ!

ಹಲಸೂರಿನ ಹಳೆಯ ಓಣಿಯೊಂದರಲ್ಲಿ ನಮ್ಮ ಪುಟ್ಟ ಮನೆ. ಮುಂದಿನ ಭಾಗ ಇಟ್ಟಿಗೆ, ಸಿಮೆಂಟಿನದು. ಹಿಂದಿನ ಒಂದು ಕೋಣೆ ಮಾತ್ರ ಯಾರದೋ ಮುತ್ತಜ್ಜನ ಕಾಲದ್ದು. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಹೆಂಚು. ಮನೆ ಕೊಂಡ ಹೊಸದರಲ್ಲಿ ಆ ಗೋಡೆಯನ್ನು ನೋಡಿ ನನಗೆ ನಾಚಿಕೆಯಾಗಿತ್ತು. ಬೆಂಗಳೂರಿಗೆ ಬಂದೂ ಮಣ್ಣಿನ ಗೋಡೆಯೇ? ಗಟ್ಟಿಯಾಗಲಿ ಎಂದು ಒಳಗೂ ಹೊರಗೂ ಸಿಮೆಂಟ್ ಬಳಿಸಿ, ಮೇಲೆ ಗುಲಾಬಿ ಬಣ್ಣದ ಪೇಂಟ್ ಹೊಡೆಸಿ, ಊರಿಗೆಲ್ಲ ಫೋಟೋ ಕಳಿಸಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪೇಂಟು ಹಪ್ಪಳದ ಹಾಗೆ ಉಬ್ಬಿ, ಒಡೆದು, ಉದುರತೊಡಗಿತು. ನಾನು ಪೇಂಟಿನ ಕಂಪನಿಯವರನ್ನು ಬೈದು ಸುಮ್ಮನಾದೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಗೋಡೆಯೂ ನೆಮ್ಮದಿಯಾಗಿ ಇರುತ್ತಿದ್ದೆವು. ಆದರೆ ನನಗೊಬ್ಬ ಷಡ್ಡಕ ಇದ್ದಾನೆ.

ಅವನ ಹೆಸರು ಗಿರೀಶ. ನನ್ನ ಹೆಂಡತಿ ಸುಜಾತಾಳ ತಂಗಿ ಸವಿತಾಳ ಗಂಡ. ದಾವಣಗೆರೆಯವನು. ವಯಸ್ಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕವನು, ಸಂಬಳದಲ್ಲಿ ದೊಡ್ಡವನು, ತಲೆಗೂದಲಿನ ವಿಷಯ ಇಲ್ಲಿ ಬೇಡ. ಈ ಮಹಾಶಯ ಕಲ್ಯಾಣ ನಗರದಲ್ಲಿ ಮನೆ ಕಟ್ಟಿಸಿದ. ಎಲ್ಲರ ಹಾಗೆ ಕಟ್ಟಿಸಬಹುದಿತ್ತು. ಇಲ್ಲ! ಪಾಯ ಅಗೆದ ಮಣ್ಣಿನಿಂದಲೇ ಇಟ್ಟಿಗೆ ಒತ್ತಿಸಿ, ಸುಡದೆ, ಬಿಸಿಲಿಗೆ ಒಣಗಿಸದೆ ನೆರಳಲ್ಲೇ ನೀರುಣಿಸಿ ಹದ ಮಾಡಿ, ಮಣ್ಣಿನ ಮನೆಯನ್ನೇ ಎಬ್ಬಿಸಿದ. ಕಟ್ಟುವಾಗ ನಾನು ಒಳಗೊಳಗೇ ನಕ್ಕಿದ್ದೆ. ಮನೆ ಮುಗಿದ ಮೇಲೆ ನಗುವುದು ನಿಂತಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಮನೆಯಲ್ಲಿ ಎರಡು ಫ್ಯಾನ್ ತಿರುಗಿದರೂ ಬೆವರು ಕಿತ್ತು ಹರಿಯುವಾಗ, ಅವನ ಮನೆಯ ನಡುಮನೆಯಲ್ಲಿ ಶಾಲು ಹೊದ್ದು ಮಲಗಬೇಕು ಅನಿಸುತ್ತಿತ್ತು. ಕಾಲೇಜಿನ ಹುಡುಗಿಯರು ಬಂದು ಆ ಗೋಡೆಯ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ನನ್ನ ಗೋಡೆಯ ಫೋಟೋ ತೆಗೆದವನು ನಾನೊಬ್ಬನೇ.

ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳುವುದೇಕೆ? ಚೆನ್ನಾಗಿಯೇ ಆಯಿತು.

ಒಂದು ಭಾನುವಾರ ಗಿರೀಶ ನಮ್ಮ ಹಿಂದಿನ ಕೋಣೆಗೆ ಬಂದವನು, ಉಬ್ಬಿದ ಪೇಂಟನ್ನು ಉಗುರಿನಿಂದ ಕೆರೆದು ಲೊಚಗುಟ್ಟಿದ.

"ಅಣ್ಣಾ, ಮಣ್ಣಿನ ಗೋಡೆ ಉಸಿರಾಡ್ಬೇಕು. ನೆಲದಿಂದ ತೇವ ಮೇಲೆ ಬರುತ್ತೆ, ಗೋಡೆ ಅದನ್ನ ಹೊರಗೆ ಬಿಡುತ್ತೆ. ನೀವು ಸಿಮೆಂಟ್ ಬಳಿದು ಮೂಗು ಬಾಯಿ ಎರಡೂ ಮುಚ್ಚಿದ್ದೀರ. ತೇವ ಒಳಗೇ ನಿಂತು ಗೋಡೆ ಕೊಳೀತಾ ಇದೆ."

"ಗೋಡೆ ಉಸಿರಾಡೋದು ಬೇಡ ಬಿಡು. ನಾವು ಉಸಿರಾಡಿದರೆ ಸಾಕು," ಎಂದೆ.

ಸುಜಾತಾ ನಗಲಿಲ್ಲ. "ಅವರ ಮನಿ ಗ್ವಾಡಿ ಉಸರಾಡತೈತಿ. ನಮ್ಮ ಗ್ವಾಡಿಗೆ ದಮ್ಮು ಹತ್ತೈತಿ," ಎಂದಳು. ನನ್ನ ಹೆಂಡತಿ, ನನ್ನ ಎದುರೇ, ನನ್ನ ಷಡ್ಡಕನ ಗೋಡೆಯನ್ನು ಹೊಗಳಿದಳು!

ಅದೇ ವಾರ ಗದಗಿನಿಂದ ಮಾವನವರ ಫೋನ್ ಬಂತು. ಅವರಿಗೆ ಕಣ್ಣಿನ ಪೊರೆ ಬಂದಿತ್ತು. ಬೆಂಗಳೂರಿನಲ್ಲಿ ಆಪರೇಶನ್ ಮಾಡಿಸಿಕೊಂಡು ಒಂದು ತಿಂಗಳು ಇರುವುದೆಂದು ನಿರ್ಧಾರವಾಗಿತ್ತು. ಯಾವ ಮಗಳ ಮನೆಯಲ್ಲಿ ಎಂದು ಮಾತ್ರ ನಿರ್ಧಾರವಾಗಿರಲಿಲ್ಲ.

"ಅಳಿಯಾದೇವ್ರ, ಬ್ಯಾಸಗಿ ಭಾಳ ಐತಿ. ನನಗ ಸಿಮೆಂಟಿನ ಮನ್ಯಾಗ ಜೀವಾ ತಡಿಯೂದಿಲ್ಲ. ಎಲ್ಲಿ ತಂಪ ಐತಿ ಅಲ್ಲಿ ಇರ್ತೇನಿ," ಎಂದರು.

ಎಲ್ಲಿ ತಂಪು ಎಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಯಾದಾಗಿನಿಂದ ಮಾವ ಬೆಂಗಳೂರಿಗೆ ಬಂದರೆ ಇಳಿಯುವುದು ನಮ್ಮಲ್ಲೇ. ಹಿರಿಯ ಅಳಿಯನೆಂದು ನನಗೆ ಇಡೀ ಸಂಬಂಧದಲ್ಲಿ ಉಳಿದಿದ್ದ ಗೌರವ ಅದೊಂದೇ. ಅದನ್ನೂ ಗಿರೀಶನ ಗೋಡೆ ಉಸಿರಿನಲ್ಲಿ ಎಳೆದುಕೊಂಡುಬಿಟ್ಟರೆ ನನ್ನ ಗತಿಯೇನು? "ಇಲ್ಲೇ ಬರ್ರಿ ಮಾವಾ. ನಮ್ಮ ಹಿಂದಿನ ಖೋಲಿನೂ ಮಣ್ಣಿಂದೇ. ನೀವು ಬರೂದ್ರಾಗ ಉಸರಾಡತಿರ್ತೈತಿ," ಎಂದು ಮಾತು ಕೊಟ್ಟುಬಿಟ್ಟೆ.

ಅಂತೋಣಿ ಮೇಸ್ತ್ರಿಯನ್ನು ಕರೆಸಿದೆ. ನಮ್ಮ ಓಣಿಯ ಕೊನೆಯಲ್ಲೇ ಇರುವ ಹಿರಿಯರು, ಹಳೆಯ ಬಂಗಲೆಗಳ ಗಾರೆ ಕೆಲಸದಲ್ಲಿ ಪಳಗಿದವರು. ಕನ್ನಡದಲ್ಲಿ ಆರಂಭಿಸಿದ ವಾಕ್ಯವನ್ನು ತಮಿಳಿನಲ್ಲಿ ಮುಗಿಸುತ್ತಾರೆ. ಬಾಯಲ್ಲಿ ಸದಾ ಎಲೆಅಡಿಕೆ. ಅವರು ಉಳಿ ಹಿಡಿದು ಒಂದು ಮೂಲೆಯಲ್ಲಿ ಸಿಮೆಂಟ್ ಎಬ್ಬಿಸಿದರು. ಸಿಮೆಂಟಿನ ಹಾಳೆ ದೋಸೆಯ ಹಾಗೆ ಎದ್ದು ಬಂತು, ಅದರ ಬೆನ್ನಿಗೆ ಅಂಟಿಕೊಂಡು ಗೋಡೆಯೂ ಒಂದಿಷ್ಟು ಬಂತು. ಒಳಗಿನ ಮಣ್ಣು ಹಸಿ ಹಸಿಯಾಗಿತ್ತು.

"ಪಾತೀರಾ ಸಾರ್? ಪೂರಾ ಒದ್ದೆ. ಸಿಮೆಂಟ್ ಎಲ್ಲ ತೆಗೀಬೇಕು. ಹದಿನೈದು ದಿನ ಗಾಳಿಗೆ ಬಿಡ್ಬೇಕು. ಆಮೇಲೆ ಮಣ್ಣು, ಮರಳು, ಸುಣ್ಣ ಸೇರ್ಸಿ ಹೊಡೀತೀನಿ. ನೀವು ಒಂದು ಕೆಲ್ಸ ಮಾಡಿ. ಕಡ್‌ಕ್ಕಾಯ್ ತಂದು, ನಲ್ಲಾ ಕುಟ್ಟಿ, ವೆಲ್ಲಂ ಹಾಕಿ ತಣ್ಣೀರಲ್ಲಿ ನೆನೆಸಿಡಿ. ಆ ನೀರು ಹಾಕಿ ಕಲ್ಸಿದ್ರೆ ಗೋಡೆ ಕಲ್ಲು ಸಾರ್, ಕಲ್ಲು!"

ಇಷ್ಟು ಹೇಳಿ, ಎರಡು ದಿನ ಸಿಮೆಂಟ್ ಕಿತ್ತು ಹಾಕಿ, ತಂಗಿ ಮಗಳ ಮದುವೆಗೆಂದು ತಿರುವಣ್ಣಾಮಲೈ ಕಡೆ ಬಸ್ಸು ಹತ್ತಿದರು. ಹದಿನೈದು ದಿನ ಬಿಟ್ಟು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಗೋಡೆ ಮುಟ್ಟಬೇಡಿ ಎಂದಿದ್ದರು.

ವೆಲ್ಲಂ ಎಂದರೆ ಬೆಲ್ಲ. ಹಲಸೂರಿನಲ್ಲಿ ಇದ್ದು ಅಷ್ಟು ತಮಿಳು ಬಾರದೆ ಇರುತ್ತದೆಯೇ? ಇನ್ನು ಉಳಿದದ್ದು ಕಡ್‌ಕ್ಕಾಯ್, ಎಂದರೆ ಎಲೆಅಡಿಕೆ ತುಂಬಿದ ಬಾಯಿಯ ಕಡ್ಲೆಕಾಯಿ. ಇಲ್ಲಿ ನನ್ನ ಭಾಷಾಜ್ಞಾನದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಕಡೆಯಿಂದ ಬಂದವರು ಇಲ್ಲಿ ಮೊದಲು ಎಡವುವುದೇ ಇಂಥ ಶಬ್ದಗಳಲ್ಲಿ. ಉಳ್ಳಾಗಡ್ಡಿ ಎಂದರೆ ಅಂಗಡಿಯವನು ಮುಖ ನೋಡುತ್ತಾನೆ, ಈರುಳ್ಳಿ ಅನ್ನಬೇಕು. ಶೇಂಗಾ ಅನ್ನಬಾರದು, ಕಡ್ಲೆಕಾಯಿ ಅನ್ನಬೇಕು. ಇದನ್ನೆಲ್ಲ ಬಾಯಿಪಾಠ ಮಾಡಿ ನಾನು ಬೆಂಗಳೂರಿಗನಾದವನು. ಹೀಗಾಗಿ ಮನೆಯ ಒಳಗೆ ಬಂದು ಸುಜಾತಾಳಿಗೆ ಅವಳದೇ ಭಾಷೆಗೆ ಅನುವಾದಿಸಿ ಹೇಳಿದೆ.

"ಶೇಂಗಾ ಮತ್ತ ಬೆಲ್ಲಾ ಕುಟ್ಟಿ ನೆನಸಬೇಕಂತ."

"ಉಂಡಿಗೇನು?"

"ಗ್ವಾಡಿಗೆ!"

"ಶೇಂಗಾ ಹಾಕಿ ಗ್ವಾಡಿ ಕಟ್ತಾರೇನ್ರೀ? ನನಗ ಯಾಕೋ ಅನುಮಾನ. ಗಿರೀಶಗ ಒಂದ್ಮಾತು ಫೋನ್ ಮಾಡಿ ಕೇಳ್ರಿ."

ಅವಳು ಆ ಹೆಸರು ಹೇಳದೆ ಇದ್ದಿದ್ದರೆ ಬಹುಶಃ ಯಾರನ್ನಾದರೂ ಕೇಳುತ್ತಿದ್ದೆ. ಹೇಳಿದ ಮೇಲೆ ಕೇಳುವ ಪ್ರಶ್ನೆಯೇ ಇಲ್ಲ. ಅದಕ್ಕೊಂದು ವೈಜ್ಞಾನಿಕ ಸಮರ್ಥನೆಯೂ ನನ್ನ ತಲೆಯಲ್ಲಿ ಸಿದ್ಧವಾಯಿತು. ಶೇಂಗಾದಲ್ಲಿ ಎಣ್ಣೆ ಇದೆ. ಎಣ್ಣೆ ನೀರನ್ನು ಒಳಗೆ ಬಿಡುವುದಿಲ್ಲ. ಬೆಲ್ಲ ಅಂಟು. ನಮ್ಮ ಪೂರ್ವಜರು ಎಂಥ ಬುದ್ಧಿವಂತರು! ಗಿರೀಶನ ಗೋಡೆಯಲ್ಲಿ ಬರೀ ಮಣ್ಣು, ನನ್ನ ಗೋಡೆಯಲ್ಲಿ ಪ್ರೋಟೀನ್!

ಶಿವಾಜಿನಗರಕ್ಕೆ ಹೋಗಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಅಂಗಡಿಯಲ್ಲಿ ಹತ್ತು ಕಿಲೋ ಹಸಿ ಕಡ್ಲೆಕಾಯಿ ಬೀಜ ಕೇಳಿದೆ.

"ಶಾದಿ ಹೈ ಕ್ಯಾ ಸಾಬ್?" ಎಂದ ಅಂಗಡಿಯಾತ.

"ಇಲ್ಲ, ಗೋಡೆಗೆ."

"ದಿವಾರ್ ಕೂ ಫಲ್ಲಿ?" ಆತ ತಕ್ಕಡಿ ನಿಲ್ಲಿಸಿ ನನ್ನನ್ನು ಒಂದು ಸಲ ನೋಡಿದ. ನಂತರ ಬಹಳ ಮೃದುವಾಗಿ, "ಮನೇಲಿ ಯಾರಾದ್ರೂ ದೊಡ್ಡೋರು ಇದ್ದಾರಾ ಸಾಬ್?" ಎಂದು ಕೇಳಿದ.

ಮೇಸ್ತ್ರಿ ಬರುವವರೆಗೆ ಕಾಯಬೇಕಿತ್ತು. ಆದರೆ ಮಾವನವರ ಆಪರೇಶನ್ ಅಂದುಕೊಂಡದ್ದಕ್ಕಿಂತ ಮೊದಲೇ ನಿಗದಿಯಾಗಿ, ಅವರು ಮಂಗಳವಾರವೇ ರೈಲಿಗೆ ಬರುತ್ತೇನೆ ಎಂದರು. ಗೋಡೆ ಒಣಗಲಿಲ್ಲ ಎಂದು ಮಾವನವರನ್ನು ಕಲ್ಯಾಣ ನಗರಕ್ಕೆ ಕಳಿಸುವುದೇ? ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ ನಾನೇ ಇಳಿದೆ. ಕೆ.ಆರ್. ಪುರದ ಒಂದು ಪಾಯದ ಗುಂಡಿಯಿಂದ ಕೆಂಪು ಮಣ್ಣು ತರಿಸಿದ್ದೆ. ಮರಳು ಎಷ್ಟು ಎಂಬುದು ಗೊತ್ತಿರಲಿಲ್ಲ, ಅಂದಾಜಿಗೆ ಹಾಕಿದೆ. ಸುಣ್ಣದ ಬಗ್ಗೆ ಧೈರ್ಯ ಸಾಲದೆ ಅದನ್ನು ಬಿಟ್ಟೆ. ಕಡ್ಲೆಕಾಯಿ ಬೀಜವನ್ನು ಒರಳಿನಲ್ಲಿ ಕುಟ್ಟಲು ಆರಂಭಿಸಿದವನು, ನಾಲ್ಕನೆಯ ಕಿಲೋಗೆ ರಟ್ಟೆ ಬಿದ್ದು ಹೋಗಿ, ಉಳಿದದ್ದನ್ನು ಇಡಿಯಾಗಿಯೇ ಸುರಿದೆ. ಬೆಲ್ಲದ ನೀರು ಹೊಯ್ದು, ತುಳಿದು, ಉಂಡೆ ಮಾಡಿ ಗೋಡೆಗೆ ಎಸೆದು ಎಸೆದು ಮೆತ್ತಿದೆ. ಸಂಜೆ ಆಗುವಷ್ಟರಲ್ಲಿ ಕೋಣೆಯ ತುಂಬ ಚಿಕ್ಕಿಯ ಘಮಘಮ. ಪಕ್ಕದ ಮನೆಯ ಆಂಟಿ ಬಾಗಿಲಿಗೆ ಬಂದು, "ಏನ್ ಸ್ಪೆಷಲ್ ಮಾಡ್ತಾ ಇದೀರ?" ಎಂದು ಕೇಳಿದರು. ಒಂದು ಬಟ್ಟಲನ್ನೂ ಜೊತೆಗೆ ತಂದಿದ್ದರು.

ಮಂಗಳವಾರ ಮಾವ ಬಂದರು. ಕಣ್ಣು ಮಂಜು, ಕೈಯಿಂದ ಗೋಡೆ ತಡವಿದರು. ಮುಖ ಅರಳಿತು.

"ಆಹಾ! ಏನ್ ತಂಪರಿ ಅಳಿಯಾದೇವ್ರ! ನಮ್ಮ ಹಳೀ ಮನಿ ನೆನಪಾತು. ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೇನಿ."

ನನಗೆ ಆ ಕ್ಷಣ ರೆಕ್ಕೆ ಬಂದಂತಾಯಿತು. ಮರುದಿನ ಮಾವನನ್ನು ನೋಡಲು ಗಿರೀಶ ಬಂದ. ಅವನು ಗೋಡೆಗೆ ಅಂಗೈ ಒತ್ತಿ, ಮೂಸಿ, ಮುಖ ಗಂಟಿಕ್ಕಿದ.

"ಅಣ್ಣಾ, ಇದು ತಂಪಲ್ಲ, ಒದ್ದೆ. ಹಳೇ ಗೋಡೆ ಒಣಗೋ ಮುಂಚೆ ಮೆತ್ತಿದ್ದೀರ. ಇದೇನು, ಒಳಗೆ ಕಡ್ಲೆಬೀಜ?"

"ಹಳೇ ಮೇಸ್ತ್ರಿಗಳ ಗುಟ್ಟು. ನಿನ್ನ ಮನೆ ಕಟ್ಟಿದ ಇಂಜಿನಿಯರಿಗೆ ಗೊತ್ತಿರಲ್ಲ," ಎಂದೆ.

ಅವನು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವನ ಕಣ್ಣಿನಲ್ಲಿ ಕಂಡದ್ದು ಅಸೂಯೆ ಎಂದು ನನಗೆ ಖಾತ್ರಿಯಾಯಿತು. ಅದು ಕನಿಕರವೂ ಆಗಿರಬಹುದು ಎಂಬ ಯೋಚನೆ ಆಗ ಹತ್ತಿರ ಸುಳಿಯಲಿಲ್ಲ.

ಗುರುವಾರ ಮಾವನವರ ಆಪರೇಶನ್ ಚೆನ್ನಾಗಿ ಆಯಿತು. ಮನೆಗೆ ಕರೆತಂದರೆ ಗೋಡೆಯ ಮೇಲೆ ಇರುವೆಗಳ ಮೆರವಣಿಗೆ. ಹಲಸೂರಿನ ಇರುವೆಗಳು ಮಾತ್ರವಲ್ಲ, ಇಂದಿರಾನಗರದವೂ ಬಂದಿರಬೇಕು. ಸುಜಾತಾ ಅರಿಶಿನ ಚೆಲ್ಲಿದಳು. ಅವು ಅರಿಶಿನ ಹಚ್ಚಿಕೊಂಡು ಮದುವೆಗೆ ಬಂದವರ ಹಾಗೆ ಓಡಾಡಿದವು. ಶುಕ್ರವಾರ ಎರಡು ಅಳಿಲು ಬಂದವು. ಶನಿವಾರದಿಂದ ಗೋಡೆಯ ಬುಡದಲ್ಲಿ ಪರಪರ ಸದ್ದು ಶುರುವಾಯಿತು. "ಗ್ವಾಡಿ ಉಸರಾಡಾಕತ್ತೈತೇನು?" ಎಂದು ಮಾವ ಕೇಳಿದರು. ಹೌದು ಎಂದೆ. ಉಸಿರಾಡುತ್ತಿದ್ದದ್ದು ಹೆಗ್ಗಣ.

ಸೋಮವಾರ ಬೆಳಿಗ್ಗೆ ಹಿಂದಿನ ಕೋಣೆಯಿಂದ ಮಾವನವರ ಕೂಗು ಕೇಳಿ ಎಲ್ಲರೂ ಓಡಿದೆವು. ಅವರು ಮಂಚದ ಮೇಲೆ ಕೂತು ಆಪರೇಶನ್ ಆದ ಕಣ್ಣನ್ನು ಅಂಗೈಯಿಂದ ಮುಚ್ಚುತ್ತ ತೆರೆಯುತ್ತ ಇದ್ದರು.

"ಸುಜ್ಜೀ, ಡಾಕ್ಟರಿಗೆ ಫೋನ್ ಹಚ್ಚ! ನನ್ನ ಕಣ್ಣಾಗ ಏನೋ ಕೆಟ್ಟೈತಿ. ಗ್ವಾಡಿ ಮ್ಯಾಲೆ ಬೆಳಿ ಕಾಣಾಕತ್ತೈತಿ!"

ನಾವೆಲ್ಲ ಗೋಡೆಯ ಕಡೆ ನೋಡಿದೆವು. ಮಾವನವರ ಕಣ್ಣು ಬಹಳ ಚೆನ್ನಾಗಿತ್ತು. ಡಾಕ್ಟರರ ಕೈಗುಣಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ನಾನು ಕುಟ್ಟದೆ ಬಿಟ್ಟ ಆರು ಕಿಲೋ ಬೀಜ, ಒದ್ದೆ ಗೋಡೆಯ ಕೃಪೆಯಿಂದ ಒಂದೊಂದಾಗಿ ಮೊಳೆತು, ನೆಲದಿಂದ ಸೂರಿನವರೆಗೆ ಹಸಿರು ಎಲೆ ಬಿಟ್ಟು ನಿಂತಿತ್ತು!

ಮಾವ ಎದ್ದು ಹತ್ತಿರ ಹೋದರು. ಜೀವಮಾನವೆಲ್ಲ ಹೊಲದಲ್ಲಿ ಶೇಂಗಾ ಬೆಳೆದವರು. ಒಂದು ಸಸಿ ಕಿತ್ತು ಬೇರು ನೋಡಿದರು.

"ಶೇಂಗಾ," ಎಂದರು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಭಾಳ ಒತ್ತಾಗಿ ಬಿತ್ತೀರಿ. ಒಂದ ಗೇಣ ಅಂತರ ಇರಬೇಕಿತ್ತು," ಎಂದರು.

ಗೋಡೆ ಬಿದ್ದದ್ದು ಬುಧವಾರ ಮಧ್ಯಾಹ್ನ. ದೇವರ ದಯೆ, ಮಾವ ಮುಂದಿನ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಬುಡವನ್ನು ಹೆಗ್ಗಣ ಪೊಳ್ಳು ಮಾಡಿತ್ತು, ಮೇಲಿನ ಭಾರವನ್ನು ನಾನು ಹೆಚ್ಚಿಸಿದ್ದೆ, ನಡುವೆ ಬೇರುಗಳು ಮಣ್ಣನ್ನು ಸಡಿಲಿಸಿದ್ದವು. ಎಲ್ಲರೂ ಸೇರಿ ಒಗ್ಗಟ್ಟಿನಿಂದ ಮಾಡಿದ ಕೆಲಸ. ಧೊಪ್ಪೆಂದು ಗೋಡೆ ಕೂತಿತು, ಹಿಂದೆಯೇ ಹೆಂಚು ಇಳಿದವು. ಧೂಳು ಅಡಗಿದಾಗ ನನ್ನ ಮನೆಯ ಹಿಂದಿನ ಕೋಣೆಯಿಂದ ಪಕ್ಕದ ಆಂಟಿಯ ಅಡುಗೆಮನೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಂಟಿ ಕೈಯಲ್ಲಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು.

ಅದೇ ಸಂಜೆ ಅಂತೋಣಿ ಮೇಸ್ತ್ರಿ ಮದುವೆಯ ತೆಂಗಿನಕಾಯಿ ತಾಂಬೂಲ ಹಿಡಿದು ಬಂದರು. ಮಣ್ಣಿನ ಗುಡ್ಡೆಯನ್ನು ನೋಡಿದರು. ಬಗ್ಗಿ ಒಂದು ಮೊಳಕೆ ಎತ್ತಿದರು. ಬಾಯಲ್ಲಿದ್ದ ಎಲೆಅಡಿಕೆಯನ್ನು ಮೊದಲ ಸಲ ಪೂರ್ತಿ ಉಗಿದು ಬಂದರು.

"ಇದು ಏನು ಸಾರ್?"

"ಕಡ್ಲೆಕಾಯಿ. ನೀವೇ ಹೇಳಿದ್ದಲ್ವಾ?"

"ಅಯ್ಯೋ ಕಡವುಳೇ! ಕಡ್ಲೆಕಾಯಿ ಇಲ್ಲ ಸಾರ್! ಕಡುಕ್ಕಾಯ್! ಕ-ಡು-ಕ್ಕಾಯ್! ಚಿಕ್ಕ ಮಕ್ಳಿಗೆ ಹೊಟ್ಟೆ ನೋವು ಬಂದ್ರೆ ತೇಯ್ದು ನೆಕ್ಕಿಸ್ತಾರಲ್ಲ, ಅದು!"

"ಅಳಲೆಕಾಯಿ!" ಎಂದಳು ಸುಜಾತಾ.

"ಹೌದಲಾ, ಅಳಲೆಕಾಯಿ," ಎಂದು ಮಾವ ತಲೆದೂಗಿದರು. "ಭಾಳ ಒಗರ. ಹುಳಾ ಹುಪ್ಪಡಿ ಹತ್ರ ಸುಳಿಯೂದಿಲ್ಲ."

ಅಂದರೆ ಮೇಸ್ತ್ರಿ ಹೇಳಿದ್ದು ಯಾವ ಪ್ರಾಣಿಯೂ ಬಾಯಿ ಹಾಕದ ವಸ್ತು. ನಾನು ಹಾಕಿದ್ದು ಸಕಲ ಪ್ರಾಣಿಗಳೂ ಆಸೆಪಡುವ ವಸ್ತು! ಮೇಸ್ತ್ರಿ ಮಾತ್ರ ಬೈಯಲಿಲ್ಲ. ಮಣ್ಣನ್ನು ಬೆರಳಲ್ಲಿ ಉಜ್ಜಿ, "ಮಣ್ಣು ಒಳ್ಳೇದು ಸಾರ್. ಸಿಮೆಂಟ್ ಬಿದ್ರೆ ಕಸ, ಮಣ್ಣು ಬಿದ್ರೆ ಮತ್ತೆ ಮಣ್ಣೇ. ಜರಡಿ ಹಿಡಿದು ಇದನ್ನೇ ಕಲ್ಸಿ ಕಟ್ಟೋಣ. ಎರಡು ತಿಂಗ್ಳು ಆಗುತ್ತೆ. ಆದ್ರೆ ಈ ಸಲ ನೀವು ಮುಟ್ಬೇಡಿ," ಎಂದರು.

ಎರಡು ತಿಂಗಳು ಎಲ್ಲಿ ಇರುವುದು? ಹಿಂದೆ ಗೋಡೆಯಿಲ್ಲದ ಮನೆಗೆ ಬೀಗ ಹಾಕಿಯೂ ಪ್ರಯೋಜನವಿರಲಿಲ್ಲ. ಹಿಂದಿನ ಕೋಣೆಗೆ ಹೋಗುವ ಬಾಗಿಲಿಗೆ ಹಲಗೆ ಬಡಿದು, ಬಟ್ಟೆಬರೆ ಕಟ್ಟಿಕೊಂಡು, ಮಾವನವರ ಸಮೇತ ನಾವೆಲ್ಲ ಹೊರಟೆವು. ಎಲ್ಲಿಗೆ ಎಂದು ಬೇರೆ ಹೇಳಬೇಕೆ? ಮಾವ ಗಿರೀಶನ ಮನೆಗೆ ಹೋಗಬಾರದು ಎಂದು ಇಷ್ಟೆಲ್ಲ ಮಾಡಿದ್ದೆ. ಈಗ ಮಾವನ ಹಿಂದೆ ನಾನೂ ಗಂಟು ಹೊತ್ತು ಹೋದೆ. ಆ ಮನೆಯ ಗೋಡೆಗೆ ಒರಗಿ ಕೂತರೆ ಬೆನ್ನಿಗೆ ನಿಜಕ್ಕೂ ಹಿತವಾಗುತ್ತಿತ್ತು. ಅದು ಒದ್ದೆಯ ತಂಪಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತಿದೆ.

ಮೂರು ದಿನ ನಾನು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಗಿರೀಶ ಕಾಫಿ ಹಿಡಿದು ಪಕ್ಕದಲ್ಲಿ ಬಂದು ಕೂತ.

"ಅಣ್ಣಾ, ಒಂದು ಮಾತು ಹೇಳ್ಲಾ? ನಂಗೆ ನಿಮ್ಮ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು."

ಕಾಫಿ ನೆತ್ತಿಗೇರಿತು. "ನನ್ನ ಮೇಲೆ?"

"ಮತ್ತೆ? ನಾನು ಎರಡು ವರ್ಷ ಓದಿ, ಅಲೆದು ಈ ಮನೆ ಕಟ್ಟಿದೆ. ಮಾವ ಒಂದಿನ ಅದರ ಬಗ್ಗೆ ಊರಿಗೆ ಫೋನ್ ಮಾಡಿ ಹೇಳಿಲ್ಲ. ನಿಮ್ಮ ಗೋಡೆ ಬಗ್ಗೆ ದಿನಾ ನಾಲ್ಕು ಜನಕ್ಕೆ ಹೇಳ್ತಾರೆ. ಎಷ್ಟು ಪ್ರೀತಿಯಿಂದ ನಗ್ತಾರೆ ಗೊತ್ತಾ? ಹಿರೇ ಅಳಿಯ ಅಂದ್ರೆ ಹಿರೇ ಅಳಿಯನೇ. ನಂಗೆ ಆ ಜಾಗ ಯಾವತ್ತೂ ಸಿಗಲ್ಲ ಬಿಡಿ."

ಹೇಳುವಾಗ ಅವನ ಗಂಟಲು ಸ್ವಲ್ಪ ಕಟ್ಟಿತು. ನೆಲ ನೋಡಿ, ನಿಟ್ಟುಸಿರು ಬಿಟ್ಟು, ಖಾಲಿ ಲೋಟ ಎತ್ತಿಕೊಂಡು ಎದ್ದುಹೋದ. ನನ್ನ ಎದೆ ಉಬ್ಬಿತು. ಗೋಡೆ ಬಿದ್ದರೆ ಬೀಳಲಿ, ಹೆಂಚು ಒಡೆದರೆ ಒಡೆಯಲಿ! ಗಿರೀಶನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಬಹಳ ದಿನಗಳ ನಂತರ ನಾಲ್ಕು ಇಡ್ಲಿ ಹೆಚ್ಚಿಗೆ ತಿಂದೆ. ಸುಜಾತಾಳನ್ನು ಅಡುಗೆಮನೆಯ ಮೂಲೆಗೆ ಕರೆದು, ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದೆ.

"ಪಾಪ, ಗಿರೀಶ ಒಳಗೊಳಗ ಭಾಳ ಉರಕೊಳ್ಳಾಕತ್ತಾನ. ನಾವು ಅವನ ಜೋಡಿ ಸ್ವಲ್ಪ ಸಮಾಧಾನದಿಂದ ನಡಕೋಬೇಕು."

ಅವಳು ಚಟ್ನಿಗೆ ಒಗ್ಗರಣೆ ಹಾಕುತ್ತ ಹಿಂದೆ ತಿರುಗದೆಯೇ ಹೇಳಿದಳು.

"ನಾನ ಹೇಳಿದ್ದೆರಿ ಅವನಿಗೆ, ಹಂಗ ಒಂದೀಟು ಹೇಳಪ್ಪಾ ಅಂತ. ಮೂರ ದಿನ ಆತು ನೀವು ನೆಟ್ಟಗ ಉಣವಲ್ರಿ."

ನಾನು ಗಿರೀಶನ ಗೋಡೆಗೆ ಒರಗಿ ನಿಂತೆ. ಆ ಕಟ್ಟಿದ ಗಂಟಲು! ಆ ನಿಟ್ಟುಸಿರು! ಇಷ್ಟು ದಿನದಿಂದ ಮನಸಾರೆ ಹೊಟ್ಟೆಕಿಚ್ಚು ಪಡುತ್ತ ಬಂದಿದ್ದೇನೆ, ಒಂದು ದಿನವೂ ನನಗೆ ಅಷ್ಟು ಚೆನ್ನಾಗಿ ಪಡಲು ಬಂದಿಲ್ಲ.